ಎರಡು ಪಂಕ್ತಿ ಹಂದಿಗಳಿಗೆ ಕಡಲ ಪಾಚಿ

ನಮ್ಮ ಮೇವಿನ ಕಾರ್ಖಾನೆಯ ಗೋಡೌನಿನಲ್ಲಿ ಕಡಲ ಪಾಚಿಯ ಮೊದಲ ಚೀಲ ಬಿಚ್ಚಿದ ದಿನ ಲೋಡಿಂಗಿನವರೆಲ್ಲ ಮೂಗು ಮುಚ್ಚಿಕೊಂಡು ಹೊರಗೆ ನಡೆದರು. ಒಣಮೀನಿನ ವಾಸನೆ ಎಂದು ಒಬ್ಬರು, ಅಲ್ಲ, ಆಸ್ಪತ್ರೆಯ ಟಿಂಕ್ಚರ್ ವಾಸನೆ ಎಂದು ಇನ್ನೊಬ್ಬರು. ನಂಜನಗೂಡಿನ ಲಿಂಗಾಯತರ ಮನೆಯಲ್ಲಿ ಬೆಳೆದ ನನಗೆ ಒಣಮೀನಿನ ವಾಸನೆ ಹೇಗಿರುತ್ತದೆಂದು ಸರಿಯಾಗಿ ಗೊತ್ತಿರಲಿಲ್ಲ. ಆದ್ದರಿಂದ ನಾನು ಟಿಂಕ್ಚರ್ ಪಕ್ಷ ವಹಿಸಿದೆ.

ಪ್ರಾಣಿಗಳ ಮೇವಿಗೆ ಏನೇನು ಎಷ್ಟೆಷ್ಟು ಬೆರೆಸಬೇಕೆಂದು ತೀರ್ಮಾನಿಸುವುದು ನನ್ನ ಕೆಲಸ. ಅದರಲ್ಲಿ ಹೆಚ್ಚಿನದು ಹಂದಿಯ ಮೇವು. ನಮ್ಮಮ್ಮ ಮಾತ್ರ ನೆಂಟರಿಷ್ಟರ ಮುಂದೆ ನಾನು ಹಸುವಿನ ಮೇವು ಮಾಡುತ್ತೇನೆಂದೇ ಹೇಳಿಕೊಂಡು ಬಂದಿದ್ದಾರೆ. ಹಳ್ಳಿಗಳಲ್ಲಿ ನನ್ನನ್ನು ಡಾಕ್ಟ್ರಮ್ಮ ಅನ್ನುತ್ತಾರೆ. ನಾನು ಡಾಕ್ಟರಲ್ಲ ಎಂದು ಹೇಳಿ ಹೇಳಿ ಸಾಕಾಗಿ ಈಗ ಸುಮ್ಮನಾಗಿದ್ದೇನೆ.

ಪಾಚಿ ಬಂದದ್ದು ತಮಿಳುನಾಡಿನ ಕಡಲತೀರದಿಂದ. ಕಂದು ಬಣ್ಣದ ಒರಟು ಪುಡಿ, ನಡುನಡುವೆ ಟೀ ಸೊಪ್ಪಿನಂಥ ಚೂರುಗಳು. ತಾಯಿಹಾಲು ಬಿಟ್ಟ ಹಂದಿಮರಿಗಳಿಗೆ ಭೇದಿ ಹತ್ತುವುದು ಸಾಕುವವರಿಗೆಲ್ಲ ಗೊತ್ತಿರುವ ಕಾಟ. ಅದಕ್ಕೆ ಮದ್ದೆಂದು ಮೇವಿನಲ್ಲೇ ಆ್ಯಂಟಿಬಯೋಟಿಕ್ ಬೆರೆಸುವ ಅಭ್ಯಾಸವಿತ್ತು. ರೋಗಾಣುಗಳು ಮದ್ದಿಗೇ ಬಗ್ಗದಂತಾಗುತ್ತವೆಂದು ಅದನ್ನು ಬಿಡಬೇಕಾಗಿ ಬಂದಾಗ ಬದಲಿಗೆ ಏನು ಎಂಬ ಹುಡುಕಾಟ ಶುರುವಾಯಿತು. ಈ ಪಾಚಿಯಲ್ಲಿರುವ ಕೆಲವು ಬಗೆಯ ಸಕ್ಕರೆಯನ್ನು ಹಂದಿಯ ಹೊಟ್ಟೆ ಅರಗಿಸಿಕೊಳ್ಳಲಾರದು, ಆದರೆ ಕರುಳಿನಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಅದೇ ಊಟ. ಅವು ಗಟ್ಟಿಯಾದರೆ ಕೆಟ್ಟವಕ್ಕೆ ಜಾಗ ಸಿಗುವುದಿಲ್ಲ. ಇದು ಪುಸ್ತಕದ ಮಾತು. ನಮ್ಮ ತೌಡು, ನಮ್ಮ ನೀರು, ನಮ್ಮ ಸೆಕೆಯಲ್ಲಿ ಇದು ನಿಜವಾಗುತ್ತದೆಯೇ ಎಂದು ನೋಡಿಕೊಂಡು ಬಾ ಎಂದು ಮ್ಯಾನೇಜರ್ ನನಗೆ ಹೇಳಿದರು.

ನೋಡಲು ಒಂದು ಹಂದಿ ಶೆಡ್ಡು ಬೇಕು. ನನಗೆ ಥಟ್ಟನೆ ನೆನಪಾದವರು ನರಸೀಪುರದ ಹತ್ತಿರ ಸೋಸಲೆಯ ಆಚೆ ಹೊಳೆಯ ಪಕ್ಕದಲ್ಲಿ ಹಂದಿ ಸಾಕುವ, ನಾನು ಅಕ್ಕ ಎಂದು ಕರೆಯುವ ಹೆಂಗಸು. ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ಮೊದಲು ನಾಟಿ ಮಾಡಲು, ಕಳೆ ಕೀಳಲು ಕೂಲಿಗೆ ಹೋಗುತ್ತಿದ್ದವರು. ತಮ್ಮ ತುಂಡು ಜಮೀನಿನಲ್ಲಿ ತಾವೇ ನಿಂತು ಶೆಡ್ಡು ಕಟ್ಟಿಸಿದ್ದರು. ನಡುಮನೆಯಲ್ಲಿ ಬುದ್ಧನ ಪಟ, ಹಿತ್ತಲಿನಲ್ಲಿ ಬಿಳಿ ಯಾರ್ಕ್‌ಶೈರ್ ಹಂದಿಗಳು. ಅವರ ಶೆಡ್ಡಿನಲ್ಲಿ ಚಪ್ಪಲಿ ಬಿಟ್ಟು ಓಡಾಡಬಹುದು. ಹಂದಿ ಕೊಳಕು ಪ್ರಾಣಿ ಅನ್ನುವವರನ್ನೆಲ್ಲ ನನಗೆ ಅಲ್ಲಿಗೆ ಕರೆದುಕೊಂಡು ಹೋಗಬೇಕು ಅನ್ನಿಸುತ್ತದೆ. ಜಾಗ ಕೊಟ್ಟರೆ ಹಂದಿ ಮಲಗುವುದಕ್ಕೊಂದು ಮೂಲೆ, ಹೇಲುವುದಕ್ಕೊಂದು ಮೂಲೆ ತಾನೇ ಗೊತ್ತು ಮಾಡಿಕೊಳ್ಳುತ್ತದೆ. ಅಷ್ಟು ಶಿಸ್ತು ನಮ್ಮ ಬಸ್ ಸ್ಟ್ಯಾಂಡುಗಳಲ್ಲಿ ನಾನು ಕಂಡಿಲ್ಲ.

ಆದರೆ ನಾನು ಹೋದಾಗ ಅಕ್ಕ ಸೋತಿದ್ದರು. ಹಿಂದಿನ ಎರಡು ಬ್ಯಾಚ್ ಮರಿಗಳು ಭೇದಿ ಹತ್ತಿ ಕೆಲವು ಸತ್ತು, ಉಳಿದವು ಕೂದಲು ನಿಮಿರಿ ಬಡಕಲಾಗಿ ನಿಂತುಬಿಟ್ಟಿದ್ದವು. ಅವರ ಯಜಮಾನರು ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ ಪಾಳಿಯಲ್ಲಿ ಹೋಗುವವರು. ತಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹೆಂಡತಿಗೊಂದು ಕೆಲಸ ಕೇಳಿಟ್ಟಿದ್ದರು.

"ಈ ಬ್ಯಾಚೂ ಓದ್ರೆ ಬಾಗ್ಲು ಆಕ್ಬುಡು ಅಂದಿವ್ನಿ. ಇವ್ಳು ಊಂ ಅಂದವ್ಳೆ" ಎಂದರು ಅವರು. ಅಕ್ಕ ಶೆಡ್ಡಿನ ಕಡೆ ನೋಡುತ್ತಾ ನಿಂತಿದ್ದರು.

ಒಪ್ಪಂದ ಹೀಗಾಯಿತು. ಒಂದೇ ವಯಸ್ಸಿನ ಮರಿಗಳನ್ನು ತೂಕ ಮಾಡಿ, ಎರಡು ಸಮ ಪಾಲು ಮಾಡಿ ಎರಡು ಅಂಕಣಗಳಲ್ಲಿ ಬಿಡುವುದು. ರಸ್ತೆ ಕಡೆಯ ಅಂಕಣಕ್ಕೆ ಪಾಚಿ ಬೆರೆಸಿದ ಮೇವು, ಹೊಳೆ ಕಡೆಯ ಅಂಕಣಕ್ಕೆ ಸಾದಾ ಮೇವು. ಮಿಕ್ಕ ಎಲ್ಲವೂ ಒಂದೇ: ಮುಸುಕಿನ ಜೋಳ, ಅಕ್ಕಿ ತೌಡು, ಸೋಯಾ ಹಿಂಡಿ, ಖನಿಜ ಮಿಶ್ರಣ. ಪಾಚಿಯಲ್ಲೇ ಉಪ್ಪಿರುವುದರಿಂದ ಆ ಮೇವಿನಲ್ಲಿ ಅಡುಗೆ ಉಪ್ಪು ಕಡಿಮೆ ಮಾಡಿದ್ದೆ. ಉಪ್ಪು ಹೆಚ್ಚಾಗಿ ನೀರು ತಪ್ಪಿದರೆ ಹಂದಿಗೆ ತಲೆಗೇ ಏರುತ್ತದೆ, ಓಲಾಡಿ ಬೀಳುತ್ತದೆ. ಹಾಗಾಗಿ ಕುಡಿಯುವ ನಲ್ಲಿಗಳನ್ನೆಲ್ಲ ಒಂದೊಂದಾಗಿ ಒತ್ತಿ ನೋಡಿದೆ. ಪಾಚಿಯಲ್ಲಿ ಮರಳು ಎಷ್ಟಿದೆ, ವಿಷದ ಲೋಹಗಳಿವೆಯೇ ಎಂದು ಮೊದಲೇ ಪರೀಕ್ಷೆಗೆ ಕಳಿಸಿ ತಿಳಿದುಕೊಂಡಿದ್ದೆವು. ಹೋಟೆಲಿನಿಂದ ತರುತ್ತಿದ್ದ ಮುಸುರೆಯನ್ನು ಪೂರ್ತಿ ನಿಲ್ಲಿಸಬೇಕು ಎಂದೆ. ಮೇವು ಕಂಪನಿಯದೇ ಆದ್ದರಿಂದ ಅಕ್ಕ ಒಪ್ಪಿದರು.

ತೂಕ ಮಾಡುವಾಗ ಅವರನ್ನು ನೋಡಬೇಕಿತ್ತು. ಮರಿಯನ್ನು ಹಿಡಿದು ಎಳೆದರೆ ಊರೆಲ್ಲ ಕೇಳುವಂತೆ ಕಿರುಚುತ್ತದೆ. ಅಕ್ಕ ಎಳೆಯುತ್ತಿರಲಿಲ್ಲ. ಒಂದು ಬಕೆಟ್ಟನ್ನು ಅದರ ಮೂತಿಗೆ ಕವುಚುತ್ತಿದ್ದರು. ಕತ್ತಲಾಯಿತೆಂದು ಮರಿ ಹಿಂದಕ್ಕೆ ಸರಿಯುತ್ತದೆ, ಸರಿಯುತ್ತಾ ಸರಿಯುತ್ತಾ ಕಬ್ಬಿಣದ ಪಂಜರದೊಳಗೆ ತಾನೇ ಹೋಗಿ ನಿಲ್ಲುತ್ತದೆ. ಪಂಜರದ ಕೆಳಗೆ ತಕ್ಕಡಿ. ನಾನು ತೂಕ ಓದುವಷ್ಟರಲ್ಲಿ ಅವರು ಮುಂದಿನದನ್ನು ತಂದಾಗಿರುತ್ತಿತ್ತು. ಬೇರೆ ಕಡೆ ಮಧ್ಯಾಹ್ನದವರೆಗೆ ಹಿಡಿಯುವ ಕೆಲಸ ಇಲ್ಲಿ ತಿಂಡಿ ಹೊತ್ತಿಗೇ ಮುಗಿದಿತ್ತು.

ಮೂರು ವಾರದ ಮೇಲೆ ಮತ್ತೆ ತೂಕ ಮಾಡಿದೆವು. ಮರಿಗಳು ಚೆನ್ನಾಗಿದ್ದವು, ಭೇದಿ ಎಲ್ಲೋ ಒಂದೆರಡಕ್ಕೆ ಬಂದು ಹೋಗಿತ್ತು. ಅಕ್ಕನ ಮುಖದಲ್ಲಿ ಕಳೆ ಬಂದಿತ್ತು. ಆದರೆ ನನ್ನ ಮುಖ ಬಾಡಿತು. ಎರಡು ಅಂಕಣಗಳ ಹಂದಿಗಳಲ್ಲಿ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಹಾಗಾದರೆ ಪಾಚಿ ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಮುಸುರೆ ನಿಲ್ಲಿಸಿದ್ದೇ ಗುಣ ಕೊಟ್ಟಿರಬೇಕು ಅಂದುಕೊಂಡು ಹೊರಡುವವಳಿದ್ದೆ. ಹೇಲು ಗಟ್ಟಿಯಿದೆಯೋ ಸಡಿಲವಿದೆಯೋ ನೋಡುವುದು ಬಾಕಿಯಿತ್ತು. ಹೊಳೆ ಕಡೆಯ ಅಂಕಣದ ಮೂಲೆಯಲ್ಲಿ ಬಗ್ಗಿ ನೋಡಿದರೆ, ಅದರಲ್ಲಿ ನೆನೆದು ಬಣ್ಣ ತಿರುಗಿದ, ಕಪ್ಪು ಹಸಿರಿನ ಚೂರುಗಳು. ಪಾಚಿ ತಿನ್ನಬಾರದ ಹಂದಿಗಳು ಪಾಚಿ ತಿಂದಿದ್ದವು.

ನನಗೆ ಸಿಟ್ಟು ಬಂದರೆ ಕಣ್ಣು ಕಾಣುವುದಿಲ್ಲ. ಸೀದಾ ಸ್ಕೂಟರ್ ಹತ್ತಿ ನಂಜನಗೂಡಿಗೆ ಬಂದು, ನಮ್ಮ ಕಾರ್ಖಾನೆಯಲ್ಲಿ ಮಿಕ್ಸರ್ ನಡೆಸುವವರ ಮೇಲೆ ಹರಿಹಾಯ್ದೆ. ಪಾಚಿ ಮೇವು ಬೆರೆಸಿದ ಮೇಲೆ ಯಂತ್ರ ತೊಳೆಯದೆ ಸಾದಾ ಮೇವು ಬೆರೆಸಿದ್ದೀರಿ ಎಂದೆ. ಅವರು ಪ್ರತಿ ಸಲ ಬೆರೆಸಿದಾಗ ಎತ್ತಿಡುವ ಮಾದರಿ ಡಬ್ಬಿಗಳನ್ನು ತಂದು ನನ್ನ ಮುಂದಿಟ್ಟರು. ಗಾಜಿನ ಲೋಟದಲ್ಲಿ ನೀರು ತುಂಬಿ ಒಂದು ಹಿಡಿ ಹಾಕಿದೆ. ಪಾಚಿ ನೀರಿಗೆ ಬಿದ್ದರೆ ಸ್ವಲ್ಪ ಹೊತ್ತಿನಲ್ಲಿ ಉಬ್ಬಿ ಎಲೆಯಂತೆ ಬಿಚ್ಚಿಕೊಳ್ಳುತ್ತದೆ. ಸಾದಾ ಮೇವಿನ ಲೋಟದಲ್ಲಿ ಬರೀ ತೌಡು ತೇಲುತ್ತಿತ್ತು. ಮಿಕ್ಸರಿನವರಿಗೆ ಅಲ್ಲೇ ಸಾರಿ ಕೇಳಿದೆ. ಟೀ ಕೊಡಿಸಿ ಎಂದರು, ಕೊಡಿಸಿದೆ.

ತಪ್ಪು ಕಾರ್ಖಾನೆಯಲ್ಲಿ ಆಗಿಲ್ಲವೆಂದರೆ ಶೆಡ್ಡಿನಲ್ಲೇ ಆಗಿರಬೇಕು. ಮಾರನೆಯ ದಿನ ಹೇಳದೆ ಕೇಳದೆ ಮೇವು ಹಾಕುವ ಹೊತ್ತಿಗೆ ಸರಿಯಾಗಿ ಹೋದೆ. ಅಕ್ಕ ದೊಡ್ಡ ನೀಲಿ ಡ್ರಮ್ಮಿಗೆ ಎರಡೂ ಬಗೆಯ ಚೀಲಗಳಿಂದ ಸಮಸಮ ಸುರಿದು, ಮೊಣಕೈವರೆಗೆ ಕೈ ಹಾಕಿ ಕಲಸುತ್ತಿದ್ದರು. ಕಲಸಿ ಎರಡೂ ಅಂಕಣಕ್ಕೆ ಬಡಿಸುತ್ತಿದ್ದರು. ಎರಡು ಬಗೆಯ ಚೀಲಗಳೂ ಒಂದೇ ಸಮ ಖಾಲಿಯಾಗುತ್ತಿದ್ದುದರಿಂದ ನನಗೆ ಒಂದಿಷ್ಟೂ ಅನುಮಾನ ಬಂದಿರಲಿಲ್ಲ.

ಏನಕ್ಕಾ ಇದು ಎಂದೆ. ದನಿ ಜೋರಾಗಿಯೇ ಇತ್ತು. ಅವರು ಕೈ ಒರೆಸಿಕೊಂಡು ನನ್ನ ಮುಂದೆ ಬಂದು ನಿಂತರು.

"ಬಯ್ಬ್ಯಾಡಿ ಡಾಕ್ಟ್ರಮ್ಮ. ಈ ಕಡೇವ್ಕೆ ಗಮ್ ಅನ್ನೋದು ಬಡಿಸ್ತಿದ್ರೆ ಆ ಕಡೇವು ಗ್ವಾಡೆ ಮ್ಯಾಲೆ ಕಾಲು ಮಡೀಕಂಡು ನೋಡ್ತವೆ. ನಾವು ಚಿಕ್ಕೋರಿದ್ದಾಗ ದೊಡ್ಡೋರ ಮನೆ ಮದ್ವೇಲಿ ನಮ್ಮಪ್ಪನ್ನ ಕೊನೇ ಪಂಕ್ತಿಲಿ ಕುಂಡ್ರುಸ್ತಿದ್ರು. ಮೊದ್ಲ ಪಂಕ್ತಿಗೆ ತುಪ್ಪ, ನಮ್ಗೆ ಬರೀ ತಿಳಿಸಾರು. ಬಡ್ಸೋ ಕೈ ನಂದಾದ್ಮೇಲೆ ನಾನೂ ಅಂಗೇ ಮಾಡ್ಲಾ?"

ನನ್ನ ಸಿಟ್ಟು ಜರ್ರನೆ ಇಳಿಯಿತು. ನಾನು ಯಾವತ್ತೂ ಕೊನೆಯ ಪಂಕ್ತಿಯಲ್ಲಿ ಕೂತವಳಲ್ಲ. ನಮ್ಮ ಮನೆಯ ಮದುವೆಗಳಲ್ಲಿ ತುಪ್ಪದ ಮಿಳ್ಳೆ ನನ್ನ ಎಲೆಯ ಮುಂದೆ ನಿಲ್ಲದೆ ಮುಂದೆ ಹೋದದ್ದಿಲ್ಲ. ಪಂಕ್ತಿಭೇದ ಎಂಬ ಮಾತು ನನಗೆ ಗೊತ್ತಿತ್ತು, ಅದು ಹಂದಿಯ ತೊಟ್ಟಿಯ ಹತ್ತಿರ ಎದುರಾಗುತ್ತದೆಂದು ಗೊತ್ತಿರಲಿಲ್ಲ. ಈ ಹೆಂಗಸಿನ ಮೇಲೆ ನನಗಿದ್ದ ಗೌರವ ಆ ಗಳಿಗೆಯಲ್ಲಿ ಇಮ್ಮಡಿಯಾಯಿತು.

ಹಾಗೆಂದು ಅವರು ಮಾಡಿದ್ದು ಸರಿಯಲ್ಲ. ಪ್ರಯೋಗ ಮಣ್ಣುಪಾಲಾಗಿತ್ತು. ಅಲ್ಲೇ ಕಟ್ಟೆಯ ಮೇಲೆ ಕೂತು ಬಿಡಿಸಿ ಹೇಳಿದೆ. ಎಲ್ಲಕ್ಕೂ ಕಲಸಿ ಕೊಟ್ಟರೆ, ಮರಿಗಳು ಉಳಿದದ್ದು ಪಾಚಿಯಿಂದಲೋ ಮುಸುರೆ ಬಿಟ್ಟದ್ದರಿಂದಲೋ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೆ ಮುಂದಿನ ಬ್ಯಾಚಿಗೆ ಏನು ಕೊಡುತ್ತೀರಿ, ಮತ್ತೆ ಕತ್ತಲಲ್ಲಿ ಕೈಯಾಡಿಸಿದಂತೆಯೇ ಅಲ್ಲವೇ ಎಂದೆ. ನೀವೇಳೋದು ನಿಜವೇ, ಆದ್ರೆ ನನ್ನ ಕೈಲಿ ಆಗಕಿಲ್ಲ ಎಂದುಬಿಟ್ಟರು ಅಕ್ಕ.

ನಡೆದದ್ದನ್ನು ಹೇಳಿದಾಗ ಮ್ಯಾನೇಜರ್ ನಕ್ಕುಬಿಟ್ಟರು. ಅವರು ಕೆಟ್ಟವರಲ್ಲ, ಕೆಲಸ ಆಗಬೇಕು ಅಷ್ಟೆ. ಆಳುಗಳಿರುವ ದೊಡ್ಡ ಶೆಡ್ಡು ನೋಡು, ಹೇಳಿದ್ದಷ್ಟನ್ನು ಮಾಡುವವರು ಸಿಗುತ್ತಾರೆ ಎಂದರು. ಅದು ಸುಲಭದ ದಾರಿ. ಆದರೆ ಹೇಳಿದ್ದಷ್ಟನ್ನೇ ಮಾಡುವವರು ಒಂದು ಮರಿ ಮಂಕಾಗಿ ಮಲಗಿದರೆ ನನಗೆ ತಿಳಿಸುತ್ತಾರೆಯೇ? ಅದಕ್ಕಿಂತ ಹೆಚ್ಚಾಗಿ, ಮುಸುರೆ ನಿಲ್ಲಿಸಿ, ಆಸೆ ಹುಟ್ಟಿಸಿ, ಈಗ ನಡುದಾರಿಯಲ್ಲಿ ಅಕ್ಕನನ್ನು ಬಿಟ್ಟು ಬರಲು ನನಗೆ ಮನಸ್ಸಾಗಲಿಲ್ಲ. ಎರಡು ದಿನ ಕೊಡಿ ಸಾರ್ ಎಂದೆ.

ದಾರಿ ಹೊಳೆದದ್ದು ನರಸೀಪುರದ ರಸ್ತೆಯಲ್ಲಿ. ನಾಲೆ ಒಣಗಿತ್ತು, ಕಟ್ಟಿನ ದಿನಗಳು. ನೀರು ಸಾಲದ ಕಾಲದಲ್ಲಿ ನಾಲೆಗೆ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವುದಕ್ಕೆ ನಮ್ಮ ಕಡೆ ಕಟ್ಟು ಅನ್ನುತ್ತಾರೆ. ಇಂದು ಅವರ ಗದ್ದೆಗೆ, ನಾಳೆ ನಮ್ಮದಕ್ಕೆ. ಕಾಯುವವರು ಗೊಣಗುತ್ತಾರೆ, ಆದರೆ ಅನ್ಯಾಯ ಅನ್ನುವುದಿಲ್ಲ, ಸರದಿ ಬರುತ್ತದೆಂದು ಗೊತ್ತು. ಸ್ಕೂಟರನ್ನು ಸೀದಾ ಅಕ್ಕನ ಮನೆಗೆ ತಿರುಗಿಸಿದೆ. ಹಂದಿಗಳಿಗೂ ಕಟ್ಟು ಮಾಡೋಣ ಎಂದೆ. ಮೊದಲು ಒಂದು ವಾರ ಎಲ್ಲಕ್ಕೂ ಸಾದಾ ಮೇವು. ಆಮೇಲೆ ರಸ್ತೆ ಕಡೆಯವಕ್ಕೆ ಪಾಚಿ, ಹೊಳೆ ಕಡೆಯವಕ್ಕೆ ಸಾದಾ. ನಡುವೆ ಮತ್ತೆ ಕೆಲವು ದಿನ ಎಲ್ಲಕ್ಕೂ ಸಾದಾ. ನಂತರ ಅದಲು ಬದಲು.

ಅಕ್ಕ ಯೋಚಿಸಿ ಒಪ್ಪಿದರು, ಎರಡು ಷರತ್ತು ಹಾಕಿ. ನಡುಗೋಡೆಯ ಮೇಲೆ ತೆರೆ ಕಟ್ಟಬೇಕು, ಒಂದರದ್ದು ಇನ್ನೊಂದಕ್ಕೆ ಕಾಣಬಾರದು. ಎರಡೂ ಕಡೆ ಒಂದೇ ಗಳಿಗೆಯಲ್ಲಿ ಬಡಿಸಬೇಕು. ಒಬ್ಬರ ಕೈಯಲ್ಲಿ ಅದು ಆಗುವ ಕೆಲಸವಲ್ಲ. ಅಕ್ಕ ಯಜಮಾನರ ಕಡೆ ನೋಡಿದರು. ಅವರು ಎರಡು ದಿನ ಗೊಣಗಿ, ಮೂರನೆಯ ದಿನ ಲುಂಗಿ ಎತ್ತಿ ಕಟ್ಟಿ ಹೊಳೆ ಕಡೆಯ ತೊಟ್ಟಿಯ ಮುಂದೆ ನಿಂತರು. ಅವರಿಗೆ ಬೇರೆ ಪಾಳಿ ಬಂದ ದಿನ ಪಕ್ಕದ ಮನೆಯಿಂದ ವಾರಗಿತ್ತಿ ಬರುತ್ತಿದ್ದರು. ನಡುಗೋಡೆಗೆ ಹಳೆಯ ಗೋಣಿಚೀಲ ಹೊಲಿದು ತೆರೆ ಕಟ್ಟಿದೆವು. ಅದನ್ನು ಹಂದಿಗಳು ಮೊದಲ ವಾರವೇ ಹರಿದು ತಿಂದವು. ಟಾರ್ಪಾಲು ಕಟ್ಟಿದ ಮೇಲೆ ನಿಂತಿತು.

ಅಷ್ಟರಲ್ಲಿ ಮಳೆ ಹಿಡಿಯಿತು. ಉಪ್ಪಿರುವ ವಸ್ತು ಗಾಳಿಯಲ್ಲಿರುವ ತೇವವನ್ನೆಲ್ಲ ಹೀರಿಕೊಳ್ಳುತ್ತದೆ. ಪಾಚಿ ಮೇವಿನ ಎರಡು ಚೀಲ ಗಟ್ಟಿಗಟ್ಟಿಯಾಗಿ ಬೂಷ್ಟು ಹಿಡಿದವು. ಅವನ್ನು ಗುಂಡಿಗೆ ಸುರಿಸಿದೆ. ಮುಂದೆ ಚೀಲದ ಒಳಗೆ ಪ್ಲಾಸ್ಟಿಕ್ ಹಾಕಿಸಿ, ಒಂದು ಸಲಕ್ಕೆ ಒಂದು ವಾರದಷ್ಟನ್ನೇ ಒಯ್ದು, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡಿಸಿದೆ.

ನಾನು ಮರೆಯಲಾರದ ಫೋನು ಬಂದದ್ದು ಆ ಮಳೆಯಲ್ಲೇ. ನಾನು ಊಟಕ್ಕೆ ಕೂತಿದ್ದೆ. ಹೊಳೆ ಕಡೆಯ ಅಂಕಣದಲ್ಲಿ, ಅಂದರೆ ಸಾದಾ ಮೇವು ತಿನ್ನುತ್ತಿದ್ದವುಗಳಲ್ಲಿ, ಭೇದಿ ಶುರುವಾಗಿತ್ತು. ಬಾಲವೆಲ್ಲ ಗಲೀಜು, ಮೂರು ಮರಿ ತೊಟ್ಟಿಗೇ ಬಂದಿಲ್ಲ. ರಸ್ತೆ ಕಡೆಯವು ಚೆನ್ನಾಗಿವೆ. ಇಷ್ಟನ್ನು ಅಕ್ಕ ಒಂದೇ ಉಸಿರಿನಲ್ಲಿ ಹೇಳಿದರು.

"ಪಾಚಿ ಚೀಲ ಕೈಗೆ ಸಿಗೋ ಅಂಗೇ ಅದೆ ಡಾಕ್ಟ್ರಮ್ಮ. ನಾನು ಕಲ್ಸಿಲ್ಲ. ನಿಮ್ಮನ್ನ ಕೇಳ್ದೆ ಕಲ್ಸಬಾರ್ದು ಅಂತ ಕೇಳ್ತಾ ಇವ್ನಿ. ಏನ್ ಮಾಡ್ಲಿ ಏಳಿ."

ಆ ಮಾತಿಗೆ ನನ್ನ ಕಣ್ಣಲ್ಲಿ ನೀರು ಬಂತು. ಹಿಂದಿನ ಎರಡು ಬ್ಯಾಚು ಹೀಗೇ ಶುರುವಾಗಿ ಹೋಗಿದ್ದವು. ಈ ಬ್ಯಾಚು ಹೋದರೆ ಕ್ಯಾಂಟೀನು. ಮದ್ದು ಎಂದು ತಾವು ನಂಬಿದ್ದು ಕೈಯಳತೆಯಲ್ಲಿದೆ, ಅದನ್ನು ಮುಟ್ಟದೆ ನನ್ನ ಮಾತಿಗೆ ಕಟ್ಟುಬಿದ್ದು ನಿಂತಿದ್ದಾರೆ. ನನಗೆ ಅಷ್ಟು ಗಟ್ಟಿತನ ಇರುತ್ತಿತ್ತೇ ಎಂದು ಕೇಳಿಕೊಂಡರೆ, ಇಲ್ಲ ಎಂದೇ ಅನ್ನಿಸುತ್ತದೆ.

ಪಶುವೈದ್ಯರನ್ನು ಕರೆದುಕೊಂಡು ಹೊರಟೆ. ತೀರಾ ಸೋತಿದ್ದ ಮೂರು ಮರಿಗಳನ್ನು ಪ್ರಯೋಗದಿಂದ ಹೊರಗಿಟ್ಟು ಬೇರೆ ಜಾಗದಲ್ಲಿ ಹುಲ್ಲು ಹಾಸಿ ಮಲಗಿಸಿದೆವು. ವೈದ್ಯರು ಇಂಜೆಕ್ಷನ್ ಕೊಟ್ಟರು. ಅಕ್ಕ ಉಪ್ಪು ಸಕ್ಕರೆಯ ನೀರನ್ನು ಸಿರಿಂಜಿನಲ್ಲಿ ಬಾಯಿಗೆ ಬಿಡುತ್ತಾ ಕೂತರು. ಉಳಿದವಕ್ಕೆ ಏನು ಎಂಬುದು ಪ್ರಶ್ನೆ. ನನ್ನ ಯೋಜನೆಯ ಪ್ರಕಾರ ಅವು ಇನ್ನೊಂದು ವಾರ ಸಾದಾ ಮೇವನ್ನೇ ತಿನ್ನಬೇಕಿತ್ತು. ತಿಂದಿದ್ದರೆ ವ್ಯತ್ಯಾಸ ಇನ್ನೂ ಚೆನ್ನಾಗಿ ಎದ್ದು ಕಾಣುತ್ತಿತ್ತು. ಆದರೆ ಕಾಣಬೇಕಾದದ್ದು ಆಗಲೇ ಕಂಡಿತ್ತು. ಮಿಕ್ಕ ಒಂದು ವಾರ ಅವನ್ನು ನರಳಿಸುವುದರಲ್ಲಿ ಅರ್ಥವಿಲ್ಲ ಅನ್ನಿಸಿತು. ಅಲ್ಲಿಗೇ ಎಲ್ಲವನ್ನೂ ತೂಕ ಮಾಡಿ, ನಡುವಿನ ಸಾದಾ ದಿನಗಳನ್ನೂ ಬಿಟ್ಟು, ಮಾರನೆಯ ಬೆಳಿಗ್ಗೆಯಿಂದಲೇ ಸರದಿ ಬದಲಾಯಿಸಿದೆ. ಮ್ಯಾನೇಜರಿಗೆ ಆಮೇಲೆ ಹೇಳಿದೆ. ಹೀಗೆ ಅರ್ಧಕ್ಕೆ ಮುರಿದರೆ ಯಾರು ಒಪ್ಪುತ್ತಾರೆ ಎಂದು ಬೇಸರ ಮಾಡಿಕೊಂಡರು. ಅವರ ಬೇಸರವೂ ನ್ಯಾಯವಾದದ್ದೇ.

ಹೊಳೆ ಕಡೆಯ ಹಂದಿಗಳು ಮೊದಲೆರಡು ದಿನ ಹೊಸ ಮೇವನ್ನು ಮೂಸಿ ಮೂಸಿ ನೋಡಿದವು. ಆಮೇಲೆ ತೊಟ್ಟಿ ನೆಕ್ಕಿ ಹೊಳಪು ಬರಿಸಿದವು. ಒಂದು ವಾರದೊಳಗೆ ಬಾಲಗಳು ಒಣಗಿದವು. ಸಾದಾ ಮೇವಿಗೆ ಬಂದ ರಸ್ತೆ ಕಡೆಯವುಗಳಲ್ಲಿ ಕೆಲವಕ್ಕೆ ಹೊಟ್ಟೆ ಸಡಿಲವಾಗಿ, ಮದ್ದು ಕೊಟ್ಟ ಮೇಲೆ ನಿಂತಿತು. ಬೇರೆ ಮಲಗಿಸಿದ್ದ ಮೂರರಲ್ಲಿ ಒಂದು ಸತ್ತುಹೋಯಿತು, ಎರಡು ಎದ್ದವು. ಸತ್ತದ್ದಕ್ಕೆ ಅಕ್ಕ ಒಂದು ಹೊತ್ತು ಊಟ ಬಿಟ್ಟರೆಂದು ಅವರ ಯಜಮಾನರು ನನಗೆ ಹೇಳಿದರು. ಹೇಳಿ, ತಾವೇ ಹೊಳೆ ಕಡೆಯ ತೊಟ್ಟಿ ತೊಳೆಯಲು ಹೋದರು.

ಕೊನೆಯ ತೂಕದ ದಿನ ನನಗೆ ತಿಳಿದದ್ದನ್ನು ಇದ್ದಹಾಗೆ ಹೇಳುತ್ತೇನೆ. ಪಾಚಿಯಿಂದ ಹಂದಿ ದಿಢೀರನೆ ದಪ್ಪವಾಗುವುದಿಲ್ಲ. ತೂಕದಲ್ಲಿ ಕಂಡ ವ್ಯತ್ಯಾಸ ಚಿಕ್ಕದು, ಅದರ ಮೇಲೆ ನಾನು ಆಣೆ ಇಡಲಾರೆ. ಆದರೆ ಹೊಟ್ಟೆಯ ವಿಷಯದಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆದು ಕಾಣುವಂತಿತ್ತು. ಪಾಚಿ ತಿನ್ನುವಾಗ ಎರಡೂ ಅಂಕಣಗಳಲ್ಲಿ ಭೇದಿ ಕಡಿಮೆ, ಮದ್ದು ಕಡಿಮೆ, ಬಡಕಲಾಗಿ ನಿಂತದ್ದು ಒಂದೂ ಇಲ್ಲ. ಒಂದೇ ಶೆಡ್ಡಿನಲ್ಲಿ, ಅರ್ಧಕ್ಕೆ ಮುರಿದ ಪ್ರಯೋಗದಲ್ಲಿ ಕಂಡದ್ದು ಇದು. ಇನ್ನೂ ನಾಲ್ಕು ಕಡೆ ನೋಡಬೇಕು. ಮ್ಯಾನೇಜರಿಗೂ ಹೀಗೇ ಹೇಳಿದೆ. ನೋಡು ಎಂದರು.

ಹಂದಿಗಳು ಮಾರುವ ತೂಕಕ್ಕೆ ಬಂದಾಗ ವ್ಯಾಪಾರಿ ಬರುವ ದಿನ ತಿಳಿಸಿ ಎಂದಿದ್ದೆ, ತಿಳಿಸಿದರು. ನಾನು ಹೋಗುವಷ್ಟರಲ್ಲಿ ಟೆಂಪೊ ಬಂದು ನಿಂತಿತ್ತು. ಅಕ್ಕ ಬಕೆಟ್ ಹಿಡಿದು ಒಂದೊಂದನ್ನೇ ಹಿಮ್ಮುಖವಾಗಿ ಹತ್ತಿಸುತ್ತಿದ್ದರು. ಮುಂದೇನು ಮಾಡುತ್ತೀರಿ ಎಂದು ಅವರನ್ನು ಕೇಳಲು ನನಗೆ ಧೈರ್ಯವಿರಲಿಲ್ಲ. ಎರಡು ಬ್ಯಾಚಿನ ಪೆಟ್ಟನ್ನು ಒಂದು ಒಳ್ಳೆಯ ಬ್ಯಾಚು ಮರೆಸುತ್ತದೆಯೇ? ಕ್ಯಾಂಟೀನಿನ ಕೆಲಸ ಇನ್ನೂ ಖಾಲಿಯಿದೆ ಎಂಬುದು ನನ್ನ ಕಿವಿಗೆ ಬಿದ್ದಿತ್ತು. ರಸ್ತೆ ಕಡೆಯ ಅಂಕಣ ಖಾಲಿಯಾಯಿತು. ಹೊಳೆ ಕಡೆಯದೂ ಖಾಲಿಯಾಗುತ್ತಾ ಬಂತು. ಕೊನೆಗೆ ಎರಡು ಉದ್ದ ಬೆನ್ನಿನ ಹೆಣ್ಣು ಹಂದಿಗಳು ಉಳಿದಾಗ ವ್ಯಾಪಾರಿ ಬಾಗಿಲ ಅಗುಳಿಗೆ ಕೈ ಹಾಕಿದ. ಅಕ್ಕನ ಯಜಮಾನರು ಅಡ್ಡ ಬಂದು ನಿಂತರು.

"ಇವೆಲ್ಡ್ನೂ ಮುಟ್ಬ್ಯಾಡ ಕಣಪ್ಪ. ಮರಿ ಆಕ್ಸೋಕೆ ಮಡೀಕತೀವಿ" ಎಂದರು.

ಅಕ್ಕ ಕೈಯಲ್ಲಿದ್ದ ಬಕೆಟ್ಟನ್ನು ಕೆಳಗಿಟ್ಟರು. ಅವರಿಗೂ ಇದು ಮೊದಲೇ ಗೊತ್ತಿರಲಿಲ್ಲ ಎಂಬುದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಸೆರಗಿನಿಂದ ಮುಖ ಒರೆಸಿಕೊಂಡರು. ಟೆಂಪೊ ಹೊರಟಿತು. ನಾನೂ ಹೊರಟು ಹೆಲ್ಮೆಟ್ ಕೈಗೆ ತೆಗೆದುಕೊಂಡೆ.

"ವಸಿ ನಿಂತ್ಕಳಿ ಡಾಕ್ಟ್ರಮ್ಮ" ಎಂದರು ಯಜಮಾನರು. "ತಾಯಂದಿರು ಈಯೋಕೆ ಬ್ಯಾರೆ ಕ್ವಾಣೆ ಬೇಕಲ್ವಾ. ಎಷ್ಟಗ್ಲ ಇರ್ಬೇಕು, ಅಳ್ದು ಕೊಟ್ಟೋಗಿ."

ಆಗ ಅಕ್ಕ ಹೋಗಿ ಹಗ್ಗ ತಂದರು. ಖಾಲಿಯಾದ ರಸ್ತೆ ಕಡೆಯ ಅಂಕಣದಲ್ಲಿ ಒಂದು ತುದಿಯನ್ನು ಅವರು ಹಿಡಿದರು, ಇನ್ನೊಂದು ತುದಿಯನ್ನು ಅವರ ಯಜಮಾನರು. ಇನ್ನೂ ಸ್ವಲ್ಪ ಆ ಕಡೆ, ಇನ್ನೂ ಸ್ವಲ್ಪ ಎಂದು ನಾನು ನಡುವೆ ನಿಂತು ಹೇಳುತ್ತಿದ್ದೆ.